ಡಿಎಪಿ ಕೊಟ್ಟರೂ ಮೆಕ್ಕೆಜೋಳ ಯಾಕೆ ನೇರಳೆ? ಬೇರಿನಿಂದ ಶುರುಮಾಡಿ ದೋಷ ಹುಡುಕುವ ಬಗೆ

ಬಿತ್ತಿ ಇಪ್ಪತ್ತು ದಿನ ಆಗಿದೆ. ಪಕ್ಕದ ಹೊಲದ ಮೆಕ್ಕೆಜೋಳ ಗೇಣು ದಾಟಿದೆ, ನಿಮ್ಮದು ಇನ್ನೂ ಅಂಗೈ ಎತ್ತರದಲ್ಲೇ ನಿಂತಿದೆ. ಕೆಳಗಿನ ಗರಿಗಳ ತುದಿ ಮತ್ತು ಅಂಚು ನೇರಳೆಗೆ ತಿರುಗಿವೆ. ಬಿತ್ತುವಾಗ ಎಕರೆಗೆ ಒಂದು ಚೀಲ ಡಿಎಪಿ (ಸಾರಜನಕ, ರಂಜಕ ಎರಡೂ ಇರುವ ಡೈಅಮೋನಿಯಂ ಫಾಸ್ಫೇಟ್ ಗೊಬ್ಬರ) ಕೊಟ್ಟಿದ್ದೀರಿ. ಒಂದು ಚೀಲ ಅಂದರೆ 50 ಕೆಜಿ, ಅದರಲ್ಲಿ ಹೆಚ್ಚುಕಡಿಮೆ 10 ಕೆಜಿ ರಂಜಕ. ಮತ್ತೆ ಈ ಕೊರತೆ ಎಲ್ಲಿಂದ ಬಂತು?

ದಾವಣಗೆರೆ ಕಡೆ ನಮ್ಮ ಎರಡು ಎಕರೆಯಲ್ಲಿ ನನಗೆ ಇದೇ ಆಯಿತು. ಬದುವಿನ ಪಕ್ಕದ ಎಂಟು ಸಾಲು ಪೂರ್ತಿ ನೇರಳೆ, ನಡುವೆ ಮಾತ್ರ ಹಸಿರು. ಗೊಬ್ಬರದ ಅಂಗಡಿಯಲ್ಲಿ ಕೇಳಿದರೆ "ಅಣ್ಣಾ, ರಂಜಕ ಸಾಲದು, ಇನ್ನೊಂದು ಚೀಲ ಎರಚಿ" ಅಂದರು. ಎರಚಿದೆ. ಹತ್ತು ದಿನ ಕಾದೆ. ಏನೂ ಬದಲಾಗಲಿಲ್ಲ. ಆಮೇಲೆ ಸಲಿಕೆ ಹಿಡಿದು ಅಗೆದು ನೋಡಿದಾಗ ಗೊತ್ತಾಯಿತು: ರಂಜಕ ಮಣ್ಣಿನಲ್ಲೇ ಇತ್ತು, ಬೇರು ಅದರ ಹತ್ತಿರ ಹೋಗಿರಲಿಲ್ಲ. ಅವತ್ತಿನಿಂದ ನಾನು ಗೊಬ್ಬರದ ಲೆಕ್ಕ ಹಾಕುವ ಮೊದಲು ಬೇರು ನೋಡುತ್ತೇನೆ. ಈ ಬರಹವೂ ಅದೇ ದಾರಿಯಲ್ಲಿ ಹೋಗುತ್ತದೆ.

ಬೇರು ರಂಜಕವನ್ನು ತೆಗೆದುಕೊಳ್ಳುವುದು ಹೇಗೆ

ಇದನ್ನು ತಿಳಿಯದೆ ದೋಷ ಹುಡುಕಲು ಆಗುವುದಿಲ್ಲ, ಅದಕ್ಕೇ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಯೂರಿಯಾದಿಂದ ಬರುವ ನೈಟ್ರೇಟ್ ನೀರಿನ ಜೊತೆ ಓಡಾಡುತ್ತದೆ. ಗಿಡ ನೀರು ಹೀರಿದರೆ ಅದೂ ಬೇರಿನ ಬಳಿ ಬರುತ್ತದೆ. ರಂಜಕ ಹಾಗಲ್ಲ, ಮಣ್ಣಿನ ಕಣಕ್ಕೆ ಅಂಟಿಕೊಂಡೇ ಇರುತ್ತದೆ. ಒಂದು ಎಕರೆಯ ಮೇಲ್ಮಣ್ಣಿನಲ್ಲಿರುವ ನೀರನ್ನೆಲ್ಲ ಹಿಂಡಿ ತೆಗೆದರೂ ಅದರಲ್ಲಿ ಕರಗಿರುವ ರಂಜಕ ಗ್ರಾಂ ಲೆಕ್ಕದಲ್ಲಿ ಸಿಗುತ್ತದೆ, ಕೆಜಿ ಲೆಕ್ಕದಲ್ಲಿ ಅಲ್ಲ. ಬೇರು ಆ ಚೂರನ್ನು ಹೀರಿದಾಗ ಕಣದಿಂದ ಇನ್ನೊಂದು ಚೂರು ಬಿಡುಗಡೆಯಾಗುತ್ತದೆ. ಅದು ನೀರಿನ ತೆಳು ಪೊರೆಯಲ್ಲಿ ತೆವಳಿಕೊಂಡು ಬೇರಿನ ಕಡೆ ಬರಬೇಕು. ಇಡೀ ದಿನಕ್ಕೆ ಅದು ಸಾಗುವ ದೂರ ಒಂದು ಮಿಲಿಮೀಟರ್ ಕೂಡ ಇಲ್ಲ.

ಹೀಗಾಗಿ ಬೇರಿನ ಸುತ್ತ ಒಂದೆರಡು ಮಿಲಿಮೀಟರ್ ಜಾಗ ಬೇಗ ಬರಿದಾಗುತ್ತದೆ. ಆಚೆಯ ಮಣ್ಣಿನಲ್ಲಿ ರಂಜಕ ತುಂಬಿದ್ದರೂ ಗಿಡಕ್ಕೆ ದಕ್ಕುವುದಿಲ್ಲ. ಗಿಡಕ್ಕೆ ಇರುವ ದಾರಿ ಒಂದೇ: ಹೊಸ ಬೇರು ಬಿಡುವುದು, ಹೊಸ ಜಾಗ ಮುಟ್ಟುವುದು. ಬೇರುಕೂದಲುಗಳು ಇರುವುದು ಈ ಕೆಲಸಕ್ಕೇ. ಒಂದೊಂದು ಕೂದಲೂ ಒಂದು ಮಿಲಿಮೀಟರಿನ ಆಸುಪಾಸು, ಎಷ್ಟೋ ಸಲ ಅದಕ್ಕೂ ಗಿಡ್ಡ. ಆದರೆ ಲಕ್ಷಗಟ್ಟಲೆ ಇರುವುದರಿಂದ ಬೇರು ಮುಟ್ಟುವ ಜಾಗ ಹಲವು ಪಟ್ಟು ಹೆಚ್ಚುತ್ತದೆ.

ಮುಟ್ಟಿದ ಮೇಲೂ ಕೆಲಸ ಮುಗಿಯುವುದಿಲ್ಲ. ಮಣ್ಣಿನ ನೀರಿಗಿಂತ ಬೇರಿನ ಜೀವಕೋಶದ ಒಳಗೆ ರಂಜಕ ಸಾವಿರಾರು ಪಟ್ಟು ಜಾಸ್ತಿ ಇರುತ್ತದೆ. ಕಡಿಮೆ ಇರುವ ಕಡೆಯಿಂದ ಜಾಸ್ತಿ ಇರುವ ಕಡೆಗೆ ಎಳೆದುಕೊಳ್ಳುವುದು ಬಾವಿಯಿಂದ ನೀರು ಸೇದಿದ ಹಾಗೆ, ಶಕ್ತಿ ಬೇಕೇ ಬೇಕು. ಬೇರು ಪ್ರೋಟಾನುಗಳನ್ನು ಹೊರಕ್ಕೆ ತಳ್ಳುತ್ತದೆ. ಅವು ಹಿಂದಕ್ಕೆ ಬರುವಾಗ ಫಾಸ್ಫೇಟನ್ನು, ಅಂದರೆ ನೀರಿನಲ್ಲಿ ಕರಗಿದ ರಂಜಕವನ್ನು, ಜೊತೆಗೆ ಎಳೆದು ತರುತ್ತವೆ. ಈ ಬಾಗಿಲುಗಳಾಗಿ ಕೆಲಸ ಮಾಡುವ ಪ್ರೋಟೀನುಗಳ ಕುಟುಂಬಕ್ಕೆ ವಿಜ್ಞಾನಿಗಳು ಪಿಎಚ್‌ಟಿ1 ಎಂದು ಹೆಸರಿಟ್ಟಿದ್ದಾರೆ. ಶಕ್ತಿ ಬೇಕೆಂದರೆ ಬೇರಿಗೆ ಗಾಳಿ ಬೇಕು, ಎಲೆಯಿಂದ ಸಕ್ಕರೆ ಬರಬೇಕು, ಮಣ್ಣು ತೀರಾ ತಣ್ಣಗಿರಬಾರದು. ಇವುಗಳಲ್ಲಿ ಒಂದು ತಪ್ಪಿದರೂ ರಂಜಕ ತುಂಬಿದ ಮಣ್ಣಿನಲ್ಲೇ ಗಿಡ ಹಸಿದಿರುತ್ತದೆ.

ಇನ್ನೊಂದು ವಿಷಯ. ಮೊದಲ ಎರಡು ವಾರ ಸಸಿ ಬೀಜದಲ್ಲಿದ್ದ ರಂಜಕದಲ್ಲೇ ಬದುಕುತ್ತದೆ. ಅದು ಮುಗಿಯುವ ಹೊತ್ತಿಗೆ ಹೊಸ ಬೇರು ಇನ್ನೂ ಚಿಕ್ಕದು. ನೇರಳೆ ಬಣ್ಣ ಹದಿನೈದರಿಂದ ಮೂವತ್ತು ದಿನದ ಒಳಗೇ ಜಾಸ್ತಿ ಕಾಣುವುದು ಇದರಿಂದ.

ಅದು ರಂಜಕದ ಬಣ್ಣವೇನಾ?

ಕೊರತೆಯಾದಾಗ ಗಿಡ ಹಳೆಯ ಗರಿಯಿಂದ ರಂಜಕ ಕಿತ್ತು ಸುಳಿಗೆ ಕಳಿಸುತ್ತದೆ. ಹಾಗಾಗಿ ಬಣ್ಣ ಮೊದಲು ಕೆಳಗಿನ ಗರಿಯಲ್ಲಿ ಬರಬೇಕು. ಬೆಳವಣಿಗೆ ನಿಂತು ಸಕ್ಕರೆ ಗರಿಯಲ್ಲೇ ಉಳಿಯುವುದರಿಂದ ನೇರಳೆ ಬಣ್ಣದ ಆಂಥೋಸಯಾನಿನ್ ಕಟ್ಟುತ್ತದೆ. ಗರಿಯ ಉಳಿದ ಭಾಗ ಮಾಮೂಲಿಗಿಂತ ಕಡು ಹಸಿರಾಗಿರುತ್ತದೆ. ಈ ಕಡು ಹಸಿರನ್ನು ಗಮನಿಸಿ, ನೇರಳೆಗಿಂತ ಅದು ನಂಬಿಕೆಯ ಗುರುತು.

ಗರಿಯ ತುದಿಯಿಂದ ನಡುನರದ ಗುಂಟ ಇಂಗ್ಲಿಷಿನ 'ವಿ' ಆಕಾರದಲ್ಲಿ ಹಳದಿ ಬಂದರೆ ಅದು ಸಾರಜನಕದ ಕೊರತೆ. ಅಂಚು ಸುಟ್ಟ ಹಾಗಿದ್ದರೆ ಪೊಟ್ಯಾಷ್. ಹೊಸ ಗರಿಯ ಬುಡದಲ್ಲಿ ನಡುನರದ ಎರಡೂ ಪಕ್ಕ ಬಿಳಿ ಪಟ್ಟೆ ಬಂದರೆ ಜಿಂಕ್. ಇಲ್ಲೊಂದು ಎಚ್ಚರ: ವರ್ಷವರ್ಷ ಡಿಎಪಿ ಸುರಿದ ಹೊಲದಲ್ಲಿ ರಂಜಕ ಜಾಸ್ತಿಯಾಗಿಯೇ ಜಿಂಕ್ ಕೊರತೆ ಬರುತ್ತದೆ. ಅಲ್ಲಿ ಇನ್ನೊಂದು ಚೀಲ ಹಾಕಿದರೆ ರೋಗಕ್ಕೇ ಊಟ ಹಾಕಿದಂತೆ.

ಬೆಳೆಯಿಂದ ಬೆಳೆಗೂ ಗುರುತು ಬೇರೆ. ಭತ್ತದಲ್ಲಿ ನೇರಳೆ ಹುಡುಕುತ್ತಾ ಕೂರಬೇಡಿ. ಗಿಡ ಗಿಡ್ಡವಾಗಿ, ಗರಿ ಸೆಟೆದು, ತೆಂಡೆ ಕಡಿಮೆಯಾಗಿದ್ದರೆ ಅನುಮಾನಪಡಿ. ಬಿಳಿಜೋಳ ಏನೇ ಪೆಟ್ಟಾದರೂ ಕೆಂಪಾಗುತ್ತದೆ. ಹುಳ ಕಚ್ಚಿದರೂ ಕೆಂಪು, ಗರಿ ಹರಿದರೂ ಕೆಂಪು. ಅಲ್ಲಿ ಬಣ್ಣವನ್ನು ನಂಬಲೇಬೇಡಿ. ಮೆಕ್ಕೆಜೋಳದಲ್ಲೂ ಕೆಲವು ಹೈಬ್ರಿಡ್‌ಗಳು ಚಳಿಗೆ ಸುಮ್ನೆ ನೇರಳೆಯಾಗುತ್ತವೆ, ಬಿಸಿಲು ಬಂದ ಮೇಲೆ ತಾವೇ ಸರಿಹೋಗುತ್ತವೆ. ಎತ್ತರ ಕುಗ್ಗದೆ ಬಣ್ಣ ಮಾತ್ರ ಬಂದಿದ್ದರೆ ಒಂದು ವಾರ ಕಾಯಿರಿ.

ಬದುವಿನ ಮೇಲೆ ನಿಂತು ನೋಡಿ

ಗಿಡದ ಹತ್ತಿರ ಹೋಗುವ ಮೊದಲು ದೂರದಿಂದ ಹೊಲ ನೋಡಿ. ನೇರಳೆ ಯಾವ ಆಕಾರದಲ್ಲಿ ಹರಡಿದೆ ಅನ್ನುವುದೇ ಅರ್ಧ ಉತ್ತರ ಹೇಳುತ್ತದೆ.

ಸಾಲು ಬಿಟ್ಟು ಸಾಲು, ಉದ್ದಕ್ಕೂ ನೇರವಾಗಿ ನೇರಳೆ ಇದ್ದರೆ ಮಣ್ಣಿನ ದೋಷ ಅಲ್ಲವೇ ಅಲ್ಲ. ಕೂರಿಗೆಯ ಗೊಬ್ಬರದ ಪೈಪ್ ಕಟ್ಟಿಕೊಂಡಿದೆ. ಮೋಡದ ದಿನ ಡಿಎಪಿ ಬೆವರುತ್ತದೆ, ಪೈಪಿನಲ್ಲಿ ಉಂಡೆ ಕಟ್ಟುತ್ತದೆ. ಬೀಜ ಬೀಳುತ್ತಾ ಹೋಗುತ್ತದೆ, ಗೊಬ್ಬರ ಬೀಳುವುದಿಲ್ಲ. ನನ್ನ ತಮ್ಮನ ಹೊಲದಲ್ಲಿ ಪ್ರತಿ ನಾಲ್ಕನೇ ಸಾಲು ಹೀಗಾಗಿತ್ತು. ಅವನ ಕೂರಿಗೆಗೆ ನಾಲ್ಕು ಪೈಪ್.

ಹೊಲದ ಎರಡು ತುದಿಯಲ್ಲಿ ಮಾತ್ರ ಇದ್ದರೆ ಟ್ರ್ಯಾಕ್ಟರ್ ತಿರುಗುವ ಜಾಗ, ಮಣ್ಣು ತುಳಿದು ಗಟ್ಟಿಯಾಗಿದೆ. ತಗ್ಗಿನಲ್ಲಿ ಮಾತ್ರ ಇದ್ದರೆ ನೀರು ನಿಂತು ಬೇರಿಗೆ ಗಾಳಿ ಇಲ್ಲ. ಅಲ್ಲಲ್ಲಿ ಗುಂಡನೆ ತೇಪೆ ತೇಪೆಯಾಗಿದ್ದರೆ ಗೊಣ್ಣೆಹುಳು ಅಥವಾ ಜಂತುಹುಳು ಬೇರು ತಿಂದಿರಬಹುದು. ಇಡೀ ಹೊಲ ಒಂದೇ ಸಮ ಇದ್ದಾಗ ಮಾತ್ರ ಮಣ್ಣು, ಹವೆ ಅಥವಾ ತಳಿಯ ಕಡೆ ತಿರುಗಿ.

ಮಳೆ ಹೋಗಿ ಹತ್ತು ಹನ್ನೆರಡು ದಿನ ಆಗಿದೆಯಾ? ಮಣ್ಣು ಒಣಗಿದಷ್ಟೂ ಆ ನೀರಿನ ಪೊರೆ ತೆಳುವಾಗುತ್ತದೆ, ರಂಜಕ ತೆವಳುವ ದಾರಿಯೇ ಮುಚ್ಚುತ್ತದೆ. ಒಂದು ಹದ ಮಳೆ ಬಿದ್ದ ಮೇಲೆ ಹೊಸ ಸುಳಿ ಹಸಿರಾಗಿ ಬಂದರೆ ದೋಷ ತೇವದ್ದು. ದುಡ್ಡು ಖರ್ಚು ಮಾಡಬೇಕಾಗಿಲ್ಲ.

ಈಗ ಸಲಿಕೆ

ಗಿಡ ಕೀಳಬೇಡಿ. ಕಿತ್ತರೆ ಸಣ್ಣ ಬೇರೆಲ್ಲ ಮಣ್ಣಿನಲ್ಲೇ ಹರಿದು ಉಳಿಯುತ್ತವೆ, ನೋಡಬೇಕಾದದ್ದೇ ಅವು. ಗಿಡದ ಸುತ್ತ ಒಂದು ಗೇಣು ಬಿಟ್ಟು, ಒಂದು ಗೇಣು ಆಳಕ್ಕೆ ಸಲಿಕೆ ಹಾಕಿ ಮಣ್ಣಿನ ಗಡ್ಡೆ ಸಮೇತ ಎತ್ತಿ. ಒಂದು ನೇರಳೆ ಗಿಡ, ಒಂದು ಹಸಿರು ಗಿಡ. ಎರಡನ್ನೂ ಬೇರೆ ಬೇರೆ ಬಕೆಟ್ ನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಮೆಲ್ಲಗೆ ಅಲುಗಿಸಿ ತೊಳೆಯಿರಿ. ಪಕ್ಕಪಕ್ಕ ಬಿಳಿ ಪಂಚೆಯ ಮೇಲೆ ಹರಡಿ. ಒಂದೇ ಗಿಡ ನೋಡಿದರೆ ಏನೂ ಗೊತ್ತಾಗದು, ಹೋಲಿಸಿದರೆ ಕಣ್ಣಿಗೆ ಹೊಡೆಯುತ್ತದೆ.

ನನ್ನ ನೇರಳೆ ಗಿಡದ ಬೇರು ನಾಲ್ಕೈದು ಇಂಚು ಇಳಿದು, ಅಲ್ಲಿಂದ ಮೊಣಕೈ ಮಡಚಿದ ಹಾಗೆ ಅಡ್ಡಕ್ಕೆ ತಿರುಗಿತ್ತು. ಕವಲು ಬೇರುಗಳೇ ಇಲ್ಲ ಅನ್ನುವಷ್ಟು ಕಡಿಮೆ. ಗುಂಡಿಯ ಗೋಡೆಗೆ ಚಾಕು ಚುಚ್ಚುತ್ತಾ ಇಳಿದರೆ ಅದೇ ಆಳದಲ್ಲಿ ಚಾಕು ನಿಂತಿತು. ಹದ ಮೀರಿದ ಹಸಿಯಲ್ಲಿ ಟ್ರ್ಯಾಕ್ಟರ್ ಓಡಿಸಿದ್ದು ನಾನೇ. ಮಳೆ ಹಿಡಿಯುತ್ತದೆ ಅನ್ನುವ ಅವಸರ ಇತ್ತು.

ಬೇರು ಕಂದಾಗಿ ಸಿಪ್ಪೆ ಕಳಚಿ ಬರುತ್ತಿದ್ದರೆ ನೀರು ನಿಂತು ಕೊಳೆತಿದೆ, ಮೊದಲು ಬಸಿಗಾಲುವೆ ತೆಗೆಯಿರಿ. ತುದಿ ಕತ್ತರಿಸಿದ ಹಾಗಿದ್ದರೆ ಮಣ್ಣಿನ ಗಡ್ಡೆಯಲ್ಲಿ ಗೊಣ್ಣೆಹುಳು ಹುಡುಕಿ. ಬೀಜದ ಹತ್ತಿರವೇ ಬೇರು ಸುಟ್ಟು ಕಪ್ಪಾಗಿದ್ದರೆ ಗೊಬ್ಬರ ಬೀಜಕ್ಕೆ ತಾಗಿದೆ, ಡಿಎಪಿಯ ಅಮೋನಿಯಾ ಸುಟ್ಟಿದೆ. ಮಲೆನಾಡು, ಕರಾವಳಿಯ ಜಂಬಿಟ್ಟಿಗೆ ಮಣ್ಣಿನಲ್ಲಿ ಬೇರಿನ ತುದಿಗಳು ಗಿಡ್ಡವಾಗಿ, ದಪ್ಪವಾಗಿ, ಕವಲಿಲ್ಲದೆ ಮೊಂಡಾಗಿದ್ದರೆ ಅದು ಅಲ್ಯೂಮಿನಿಯಂ ವಿಷ. ಹುಳಿ ಮಣ್ಣಿನಲ್ಲಿ ಅಲ್ಯೂಮಿನಿಯಂ ಕರಗಿ ಬೇರಿನ ತುದಿಯನ್ನೇ ಕೊಲ್ಲುತ್ತದೆ. ಮೇಲೆ ಕಾಣುವುದು ರಂಜಕದ ಕೊರತೆ, ಮದ್ದು ಮಾತ್ರ ಸುಣ್ಣ.

ಬೇರು ಬೆಳ್ಳಗೆ, ಕವಲೊಡೆದು ಆರೋಗ್ಯವಾಗಿದ್ದು ಗಿಡ ಮಾತ್ರ ನೇರಳೆ ಇದ್ದರೆ? ಆಗ ಗೊಬ್ಬರ ಎಲ್ಲಿದೆ ಎಂದು ಹುಡುಕಬೇಕು.

ಗೊಬ್ಬರ ಬಿದ್ದ ಜಾಗ

ಡಿಎಪಿ ಹರಳು ಒದ್ದೆ ಮಣ್ಣಿನಲ್ಲಿ ಬೇಗ ಕರಗುತ್ತದೆ. ಆದರೆ ಅದರ ರಂಜಕ ಬಿದ್ದ ಜಾಗದಿಂದ ಎರಡು ಮೂರು ಸೆಂಟಿಮೀಟರ್ ದಾಟುವುದೇ ಅಪರೂಪ. ಸಾಲಿನ ಮೇಲೆ ಎರಚಿದರೆ ಅದು ನೆಲದ ಮೇಲ್ಪದರದಲ್ಲೇ ಉಳಿಯುತ್ತದೆ. ಬಿಸಿಲಿಗೆ ಆ ಪದರ ಒಣಗುತ್ತದೆ, ಒಣ ಮಣ್ಣಿನಲ್ಲಿ ಬೇರು ಓಡಾಡುವುದಿಲ್ಲ. ಇಪ್ಪತ್ತೈದನೇ ದಿನ ಎಡೆ ಹೊಡೆದು ಡಿಎಪಿ ಎರಚುವುದು ನಮ್ಮ ಕಡೆ ಎಲ್ಲರೂ ಮಾಡುವ ಕೆಲಸ. ಅದರಲ್ಲಿರುವ ಶೇಕಡಾ 18 ಸಾರಜನಕ ಗಿಡಕ್ಕೆ ಸಿಗುತ್ತದೆ, ಗಿಡ ಹಸಿರಾಗುತ್ತದೆ, ನಾವು ರಂಜಕ ಕೆಲಸ ಮಾಡಿತು ಅಂದುಕೊಳ್ಳುತ್ತೇವೆ. ಅದೇ ಹಸಿರು ಯೂರಿಯಾದಲ್ಲಿ ತುಂಬಾ ಅಗ್ಗಕ್ಕೆ ಸಿಗುತ್ತಿತ್ತು ಅಲ್ವಾ? ಈ ಅಭ್ಯಾಸ ಬಿಡಬೇಕು ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ.

ರಂಜಕ ಬಿತ್ತುವಾಗಲೇ ಕೊಡಬೇಕು. ಬೀಜಕ್ಕೆ ತಾಗದ ಹಾಗೆ, ಬೀಜದಿಂದ ಐದು ಸೆಂಟಿಮೀಟರ್ ಪಕ್ಕಕ್ಕೆ, ಐದು ಸೆಂಟಿಮೀಟರ್ ಕೆಳಕ್ಕೆ. ಹೀಗೆ ಪಟ್ಟಿಯಾಗಿ ಬಿದ್ದರೆ ಎರಡು ಲಾಭ. ಮಣ್ಣು ಕಡಿಮೆ ತಾಗುವುದರಿಂದ ರಂಜಕ ಕಡಿಮೆ ಬಿಗಿಯುತ್ತದೆ. ಇನ್ನೊಂದು, ಬೇರು ಅಲ್ಲೇ ಹೋಗಿ ಗುಂಪುಗಟ್ಟುತ್ತದೆ. 1975ರಲ್ಲಿ ಇಂಗ್ಲೆಂಡಿನಲ್ಲಿ ಎಂ.ಸಿ. ಡ್ರೂ ಎಂಬ ವಿಜ್ಞಾನಿ ಬಾರ್ಲಿ ಬೇರಿನ ಒಂದು ತುಂಡಿಗೆ ಮಾತ್ರ ಫಾಸ್ಫೇಟ್ ಕೊಟ್ಟು ನೋಡಿದರು. ಆ ತುಂಡಿನಲ್ಲೇ ಕವಲು ಬೇರು ದಟ್ಟವಾಗಿ ಬಂದವು. ನೈಟ್ರೇಟ್, ಅಮೋನಿಯಂ ಕೊಟ್ಟಾಗಲೂ ಹಾಗೇ ಆಯಿತು, ಪೊಟ್ಯಾಷ್ ಕೊಟ್ಟಾಗ ಆಗಲಿಲ್ಲ. ಡಿಎಪಿಯಲ್ಲಿ ಫಾಸ್ಫೇಟ್, ಅಮೋನಿಯಂ ಎರಡೂ ಇವೆ. ಬೇರು ಅಮೋನಿಯಂ ಹೀರುವಾಗ ತನ್ನ ಸುತ್ತ ಸ್ವಲ್ಪ ಹುಳಿ ಬಿಡುತ್ತದೆ, ಎರೆಮಣ್ಣಿನಲ್ಲಿ ಅದು ರಂಜಕವನ್ನು ಬಿಡಿಸಿಕೊಡುತ್ತದೆ.

ಮಣ್ಣೇ ಬಿಗಿಹಿಡಿದಾಗ

ಮಣ್ಣಿನ ರಸಸಾರ (ಪಿಎಚ್) 6ರಿಂದ 7ರ ನಡುವೆ ಇದ್ದರೆ ರಂಜಕ ಚೆನ್ನಾಗಿ ಸಿಗುತ್ತದೆ. ಅದಕ್ಕಿಂತ ಹುಳಿಯಾದರೆ ಕಬ್ಬಿಣ ಮತ್ತು ಅಲ್ಯೂಮಿನಿಯಂ ಹಿಡಿದುಕೊಳ್ಳುತ್ತವೆ. ವಿಜಯಪುರ, ಗದಗ ಕಡೆಯ ಎರೆಮಣ್ಣಿನಲ್ಲಿ ಕ್ಯಾಲ್ಸಿಯಂ ಹಿಡಿಯುತ್ತದೆ. ಮಣ್ಣಿನಲ್ಲಿ ಸುಣ್ಣ ಇದೆಯಾ ಎಂದು ಮನೆಯಲ್ಲೇ ನೋಡಬಹುದು: ಒಣ ಮಣ್ಣಿನ ಮೇಲೆ ನಿಂಬೆಹಣ್ಣು ಹಿಂಡಿ. ಚುರ್ ಎಂದು ನೊರೆ ಬಂದರೆ ಸುಣ್ಣ ಇದೆ. ಅಂಥ ಹೊಲಕ್ಕೆ ರಾಕ್ ಫಾಸ್ಫೇಟ್ ಹಾಕುವುದು ದಂಡ. ಅದು ಕರಗಲು ಹುಳಿ ಮಣ್ಣು ಬೇಕು.

ಮಣ್ಣು ಪರೀಕ್ಷೆಯ ಚೀಟಿ ಇದ್ದರೆ ಎರಡು ವಿಷಯ ನೋಡಿ. ಒಂದು, ಯಾವ ವಿಧಾನ ಬಳಸಿದ್ದಾರೆ. 1954ರಲ್ಲಿ ಬಂದ ಓಲ್ಸನ್ ವಿಧಾನ ಅಡುಗೆ ಸೋಡಾದ ದ್ರಾವಣದಲ್ಲಿ ರಂಜಕ ತೆಗೆಯುತ್ತದೆ, ಸುಣ್ಣದ ಮಣ್ಣಿಗೆ ಅದೇ ಸರಿ. 1945ರ ಬ್ರೇ ವಿಧಾನದಲ್ಲಿ ಆಮ್ಲ ಇದೆ, ಅದು ಹುಳಿ ಮಣ್ಣಿಗೆ. ಸುಣ್ಣದ ಮಣ್ಣಿಗೆ ಬ್ರೇ ಬಳಸಿದರೆ ಸುಣ್ಣವೇ ಆಮ್ಲವನ್ನು ಕುಡಿದುಬಿಡುತ್ತದೆ, ಅಂಕಿ ಸುಳ್ಳಾಗುತ್ತದೆ. ಎರಡನೆಯದು, ಅಂಕಿ ರಂಜಕದ್ದೋ (P) ರಂಜಕದ ಪೆಂಟಾಕ್ಸೈಡಿನದ್ದೋ (P2O5). ಹೆಕ್ಟೇರಿಗೆ 10 ಕೆಜಿ ರಂಜಕ ಅಂದರೂ 23 ಕೆಜಿ ಪೆಂಟಾಕ್ಸೈಡ್ ಅಂದರೂ ಒಂದೇ, ಎರಡೂ 'ಕಡಿಮೆ' ಮತ್ತು 'ಮಧ್ಯಮ'ದ ಗಡಿಯಲ್ಲಿವೆ. 23 ನೋಡಿ "ಪರವಾಗಿಲ್ಲ, ಜಾಸ್ತಿ ಇದೆ" ಎಂದು ಬೀಗಿದವರನ್ನು ನೋಡಿದ್ದೇನೆ.

ಬಿಗಿಹಿಡಿದ ರಂಜಕ ಬಿಡಿಸುವ ಬೆಳೆಗಳೂ ಇವೆ. ಹಳೇ ಮೈಸೂರಿನ ಕೆಂಪುಮಣ್ಣಿನಲ್ಲಿ ರಾಗಿ ನಡುವೆ ತೊಗರಿಯ ಅಕ್ಕಡಿ ಸಾಲು ಹಾಕುತ್ತಾರಲ್ಲ, ತೊಗರಿ ಬೇರು ಪಿಸಿಡಿಕ್ ಆಮ್ಲ ಬಿಡುತ್ತದೆ. ಅದು ಕಬ್ಬಿಣವನ್ನು ಹಿಡಿದುಕೊಂಡು ರಂಜಕವನ್ನು ಬಿಡುಗಡೆ ಮಾಡುತ್ತದೆ. ಹೈದರಾಬಾದಿನ ಹತ್ತಿರದ ಇಕ್ರಿಸ್ಯಾಟ್ ಕೃಷಿ ಸಂಶೋಧನಾ ಸಂಸ್ಥೆ ಕೆಂಪುಮಣ್ಣಿನಲ್ಲಿ ಮಾಡಿದ ಈ ಕೆಲಸ 1990ರಲ್ಲಿ ಪ್ರಕಟವಾಯಿತು. ನಮ್ಮ ಹಿರಿಯರಿಗೆ ಆಮ್ಲದ ಹೆಸರು ಗೊತ್ತಿರಲಿಲ್ಲ, ಸಾಲು ಹಾಕುವುದು ಗೊತ್ತಿತ್ತು. ಆ ಸಾಲು ಈಗ ಕಡಿಮೆಯಾಗುತ್ತಿರುವುದು ನನಗೆ ನಿಜವಾಗಿ ಬೇಸರದ ವಿಷಯ.

ಹಿಂದಿನ ಬೆಳೆ ಯಾವುದಿತ್ತು?

ಈ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಮೆಕ್ಕೆಜೋಳ, ಜೋಳ, ರಾಗಿ ಬೇರುಗಳ ಒಳಗೆ ಮೈಕೋರೈಜಾ ಎಂಬ ಶಿಲೀಂಧ್ರ ನೆಲೆಸುತ್ತದೆ. ಅದರ ಎಳೆಗಳು ಬೇರುಕೂದಲಿಗಿಂತ ಎಷ್ಟೋ ದೂರ, ಕೆಲವು ಸೆಂಟಿಮೀಟರ್ ಆಚೆಗೆ ಹೋಗಿ ರಂಜಕ ತರುತ್ತವೆ. ಬದಲಿಗೆ ಗಿಡ ಸಕ್ಕರೆ ಕೊಡುತ್ತದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಡಿ.ಜೆ. ಭಾಗ್ಯರಾಜ್ ಅವರು ಬಹಳ ವರ್ಷ ಇದರ ಮೇಲೇ ಕೆಲಸ ಮಾಡಿದರು.

ಈ ಶಿಲೀಂಧ್ರ ಬೇರಿಲ್ಲದೆ ಬೆಳೆಯದು. ಎಲೆಕೋಸು, ಸಾಸಿವೆ ಇದಕ್ಕೆ ಮನೆ ಕೊಡುವುದಿಲ್ಲ, ಹಾಗಾಗಿ ಅವುಗಳ ನಂತರ ಹಾಕಿದ ಮೆಕ್ಕೆಜೋಳಕ್ಕೆ ಇದರ ನೆರವು ಕಡಿಮೆ. ಭತ್ತದ ಗದ್ದೆಯಲ್ಲಿ ತಿಂಗಳುಗಟ್ಟಲೆ ನೀರು ನಿಂತರೂ ಕುಗ್ಗುತ್ತದೆ. ಭತ್ತದಲ್ಲಿ ಇನ್ನೊಂದು ಮೋಸವೂ ಇದೆ. ನೀರು ನಿಂತಾಗ ಕಬ್ಬಿಣ ರೂಪ ಬದಲಿಸಿ ರಂಜಕ ಬಿಡುತ್ತದೆ, ಭತ್ತಕ್ಕೆ ಧಾರಾಳವಾಗಿ ಸಿಗುತ್ತದೆ. ಗದ್ದೆ ಒಣಗಿಸಿದ ಕೂಡಲೇ ಕಬ್ಬಿಣ ಮತ್ತೆ ಹಿಡಿದುಕೊಳ್ಳುತ್ತದೆ. ಭದ್ರಾ ಅಚ್ಚುಕಟ್ಟಿನಲ್ಲಿ ಭತ್ತ ಕೊಯ್ದ ಗದ್ದೆಗೆ ಮೆಕ್ಕೆಜೋಳ ಹಾಕಿದರೆ "ಭತ್ತ ಚೆನ್ನಾಗಿ ಬಂದಿತ್ತಲ್ಲ" ಎಂದು ರಂಜಕ ಹಾಕದೆ ಇರಬೇಡಿ.

ಈಗಿರುವ ಬೆಳೆಗೆ ಏನು ಮಾಡಬಹುದು

ಶೇಕಡಾ ಎರಡರ ಡಿಎಪಿ ದ್ರಾವಣ ಸಿಂಪಡಿಸಬಹುದು. ಲೀಟರಿಗೆ 20 ಗ್ರಾಂ, ಹಿಂದಿನ ರಾತ್ರಿ ನೆನೆಸಿ ಬಟ್ಟೆಯಲ್ಲಿ ಸೋಸಿ. ಆದರೆ ಲೆಕ್ಕ ಗೊತ್ತಿರಲಿ. ಎಕರೆಗೆ 200 ಲೀಟರ್ ಹೊಡೆದರೆ ಸೇರುವ ರಂಜಕ ಮುಕ್ಕಾಲು ಕೆಜಿಯ ಆಸುಪಾಸು. 25 ಕ್ವಿಂಟಾಲ್ ಕಾಳು ಹೊತ್ತೊಯ್ಯುವುದು ಏಳೆಂಟು ಕೆಜಿ. ಸಿಂಪಡಣೆ ಬೇರು ಚೇತರಿಸುವ ತನಕ ತುತ್ತು ಕೊಟ್ಟ ಹಾಗೆ, ಅಷ್ಟೇ. ನಾನು ಎಡೆಕುಂಟೆ ಸ್ವಲ್ಪ ಆಳಕ್ಕೆ ಹೊಡೆದು ಬುಡಕ್ಕೆ ಮಣ್ಣು ಏರಿಸಿದೆ. ಮೇಲಿನ ಗಂಟಿನಿಂದ ಹೊಸ ಬೇರು ಬಂದು ಸಡಿಲ ಮಣ್ಣಿಗೆ ಇಳಿದವು. ಎಂಟು ಸಾಲಿನಲ್ಲಿ ಆರು ಸುಧಾರಿಸಿದವು, ಬದುವಿಗೆ ತಾಗಿದ ಎರಡು ಗಿಡ್ಡವಾಗೇ ತೆನೆ ಬಿಟ್ಟವು. ಮುಂದಿನ ಬೇಸಿಗೆಯಲ್ಲಿ ಒಣ ಮಣ್ಣಿದ್ದಾಗ ಆ ಜಾಗವನ್ನು ಆಳವಾಗಿ ಉಳುಮೆ ಮಾಡಿಸಿ, ಕೊಟ್ಟಿಗೆ ಗೊಬ್ಬರ ಸೇರಿಸಿದೆ.

ಇಷ್ಟೆಲ್ಲ ನೋಡಿದರೂ ಅನುಮಾನ ಉಳಿದರೆ ಗರಿ ಪರೀಕ್ಷೆ ಮಾಡಿಸಿ. ಮೆಕ್ಕೆಜೋಳ ರೇಷ್ಮೆ (ತೆನೆಯ ತುದಿಯ ಕೂದಲು) ಬಿಡುವಾಗ ತೆನೆಯ ಬುಡದ ಗರಿಯಲ್ಲಿ ರಂಜಕ ಶೇಕಡಾ 0.25ಕ್ಕಿಂತ ಕಡಿಮೆ ಇದ್ದರೆ ಕೊರತೆ ಖಚಿತ. ಚೆನ್ನಾಗಿರುವ ಗಿಡದ ಗರಿಯನ್ನೂ ಬೇರೆ ಕವರಿನಲ್ಲಿ ಕಳಿಸಿ.

ಮುಂದಿನ ಮುಂಗಾರಿಗೆ ಬಿತ್ತುವಾಗ ನಾಲ್ಕು ಸಾಲಿಗೆ ಡಿಎಪಿ ಹಾಕದೆ, ಅದರಲ್ಲಿರುವಷ್ಟೇ ಸಾರಜನಕವನ್ನು ಯೂರಿಯಾದಲ್ಲಿ ಕೊಡಿ. ಇಪ್ಪತ್ತನೇ ದಿನ ಆ ಸಾಲೂ ಪಕ್ಕದ ಸಾಲೂ ಒಂದೇ ಸಮ ಇದ್ದರೆ ನಿಮ್ಮ ಮಣ್ಣಿನಲ್ಲಿ ರಂಜಕ ಸಾಕಷ್ಟಿದೆ, ಅಥವಾ ಕೊಟ್ಟ ಗೊಬ್ಬರ ಬೇರಿಗೆ ಸಿಗುತ್ತಿಲ್ಲ. ಎರಡೂ ಹಸಿರಾಗಿದ್ದರೆ ಮೊದಲನೆಯದು, ಎರಡೂ ನೇರಳೆಯಾಗಿದ್ದರೆ ಎರಡನೆಯದು. ಸಾಲಿನ ಎರಡೂ ತುದಿಗೆ ಗೂಟ ಹೊಡೆಯಿರಿ, ಎಡೆ ಹೊಡೆದ ಮೇಲೆ ಯಾವ ಸಾಲು ಎಂದು ಗುರುತು ಸಿಗುವುದಿಲ್ಲ.